ಕಂಬಕ್ಕೆ ಕಟ್ಟಿದ ಕತೆ ಕೇಳಿ ಎಲ್ಲರೂ ನಕ್ಕರು, ನಾನೂ ನಕ್ಕೆ

ಪ್ರಶ್ನೆ: ನನಗೆ 37 ವರ್ಷ. ಕಲಬುರಗಿಯ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ತವರು ಸೇಡಂ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ, ಅವ್ವ ಇಬ್ಬರೂ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯಲ್ಲಿ ದುಡಿದವರು. ತಮ್ಮ ಹುಟ್ಟಿದಾಗ ಅವನನ್ನು ನೋಡಿಕೊಳ್ಳಲೆಂದು ನನ್ನನ್ನು ಮೂರನೇ ತರಗತಿಯಲ್ಲಿ ಒಂದು ವರ್ಷ ಶಾಲೆ ಬಿಡಿಸಿದ್ದರು. ಕುಡಿದು ಬಂದ ದಿನ ಅಪ್ಪ ಕೈಗೆ ಸಿಕ್ಕಿದ್ದರಿಂದ ಹೊಡೆಯುತ್ತಿದ್ದ. ನನಗೆ ಹತ್ತು ವರ್ಷವಿದ್ದಾಗ ಅವನ ಅಂಗಿಯ ಜೇಬಿನಿಂದ ಹತ್ತು ರೂಪಾಯಿ ಕಾಣೆಯಾಯಿತು. ನಾನೇ ಕದ್ದೆನೆಂದು ಪಡಸಾಲೆಯ ಕಂಬಕ್ಕೆ ಕಟ್ಟಿ, ಮುಂದೆ ಕೆಂಡವಿಟ್ಟು, ಅದರ ಮೇಲೆ ಒಣ ಮೆಣಸಿನಕಾಯಿ ಹಾಕಿದ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಆ ಹಣ ನಾನು ತೆಗೆದಿರಲಿಲ್ಲ.

ಈ ಸಲ ಎಳ್ಳ ಅಮಾವಾಸ್ಯೆಗೆ ಎಲ್ಲರೂ ಊರಿಗೆ ಹೋಗಿದ್ದೆವು. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ ಕಡುಬು ಬಡಿಸಿಕೊಂಡು ಕುಳಿತಾಗ ಕಾಕಾ ಆ ಕತೆ ತೆಗೆದರು. ‘ಆವತ್ತಿನಿಂದ ಈ ಹುಡುಗಿ ಸುಳ್ಳು ಹೇಳಲಿಲ್ಲ ನೋಡಿ’ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಪಕ್ಕದಲ್ಲಿದ್ದ ಏಳು ವರ್ಷದ ಮಗ ಮಾತ್ರ ನಗಲಿಲ್ಲ. ‘ಅಮ್ಮಾ, ನಿನಗೆ ನೋವಾಗಿರಲಿಲ್ಲವೇ?’ ಎಂದು ಕೇಳಿದ. ‘ಊಟ ಮಾಡು’ ಎಂದೆ.

ಅಂದಿನಿಂದ ನಿದ್ದೆ ಸರಿಯಿಲ್ಲ. ತಮ್ಮನನ್ನು ಕೇಳಿದರೆ ‘ಹಾಗೇನೂ ಆಗಿಲ್ಲ ಅಕ್ಕ, ಕಾಕಾ ಉಪ್ಪುಖಾರ ಹಚ್ಚಿ ಹೇಳುತ್ತಾರೆ’ ಎನ್ನುತ್ತಾನೆ. ಅವನು ಶಾಲೆಗೆ ಹೋಗುವ ಹೊತ್ತಿಗೆ ಅಪ್ಪ ಗಣಿ ಬಿಟ್ಟಿದ್ದ, ಕುಡಿತವೂ ಕಡಿಮೆಯಾಗಿತ್ತು. ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಗಿದೆ, ಮಾತು ಸರಿಯಾಗಿ ಹೊರಡುವುದಿಲ್ಲ. ಅಪ್ಪ, ಅವ್ವ ಇಬ್ಬರೂ ನನ್ನ ಮನೆಯಲ್ಲೇ ಇದ್ದಾರೆ. ಗಂಜಿ ಕುಡಿಸುವವಳು ನಾನೇ. ಈಚೆಗೆ ಕೆಲವು ದಿನ ನನ್ನ ಕೈ ಬಿರುಸಾಗುತ್ತಿದೆ. ಚಮಚ ಬಾಯಿಗೆ ತುರುಕುತ್ತಿದ್ದೇನೆ ಎಂದು ಗೊತ್ತಾದಾಗ ಹೆದರಿಕೆಯಾಗುತ್ತದೆ. ಮೊನ್ನೆ ಮಗನ ಮೇಲೂ ಕೈ ಎತ್ತಿದೆ, ಹೊಡೆಯಲಿಲ್ಲ. ನಾನು ಇಲ್ಲದ್ದನ್ನು ದೊಡ್ಡದು ಮಾಡುತ್ತಿದ್ದೇನೆಯೇ? ಆಗ ಎಲ್ಲರ ಮನೆಯಲ್ಲೂ ಹೀಗೇ ಇತ್ತಲ್ಲವೇ? ಅಪ್ಪನನ್ನು ಈಗ ಕೇಳಬಹುದೇ? ನಾನೂ ಅವನಂತೆಯೇ ಆಗುತ್ತೇನೆಯೇ?

ಉತ್ತರ: ತಮ್ಮನ ಮಾತಿನಿಂದ ಆರಂಭಿಸುತ್ತೇನೆ. ಅಂದಿನ ಘಟನೆಗಿಂತಲೂ ‘ಹಾಗೇನೂ ಆಗಿಲ್ಲ’ ಎಂಬ ಆ ಮಾತೇ ನಿಮ್ಮ ನಿದ್ದೆ ಕೆಡಿಸಿದೆ ಎಂದು ಪತ್ರ ಓದಿದಾಗ ಅನಿಸಿತು. ನಿಮ್ಮದೇ ಲೆಕ್ಕದ ಪ್ರಕಾರ ಆಗ ಅವರಿಗೆ ಎರಡು ವರ್ಷ. ಮೂರು, ಮೂರೂವರೆ ವರ್ಷಕ್ಕೂ ಹಿಂದಿನ ಘಟನೆಗಳು ದೊಡ್ಡವರಾದ ಮೇಲೆ ಹೆಚ್ಚಿನವರಿಗೆ ನೆನಪಿರುವುದಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ, ಆದರೆ ಸಾಕ್ಷಿ ಹೇಳುವ ಸ್ಥಾನದಲ್ಲೂ ಇಲ್ಲ. ಅವರಿಗೆ ಬುದ್ಧಿ ಬರುವ ಹೊತ್ತಿಗೆ ಗಣಿಯೂ ಇರಲಿಲ್ಲ, ಕುಡಿತವೂ ಅಷ್ಟಿರಲಿಲ್ಲ. ನೀವು ಕಂಡ ಅಪ್ಪನನ್ನು ಅವರು ಕಂಡೇ ಇಲ್ಲ. ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಒಂದೇ ಮನೆಯ ಬಗ್ಗೆ ಎರಡು ಬೇರೆ ಮನೆಗಳೆಂಬಂತೆ ಮಾತನಾಡುವುದನ್ನು ನಾನು ಈ ಊರಿನಲ್ಲಿ ಮನೋವೈದ್ಯಳಾಗಿ ಕಳೆದ 27 ವರ್ಷಗಳಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ, ಈಗ ಅದು ನನಗೆ ಆಶ್ಚರ್ಯ ತರುವುದಿಲ್ಲ.

ಹಾಗೆಂದು ನಿಮ್ಮ ನೆನಪಿನ ಪ್ರತಿಯೊಂದು ಎಳೆಯೂ ಸರಿ ಎಂದು ನಾನು ಪ್ರಮಾಣ ಮಾಡಲಾರೆ. ಹಳೆಯದನ್ನು ನೆನೆದಾಗಲೆಲ್ಲ ಮನಸ್ಸು ಅದನ್ನು ಸ್ವಲ್ಪ ಸ್ವಲ್ಪ ಹೊಸದಾಗಿ ಕಟ್ಟುತ್ತದೆ. ಬ್ರಿಟನ್ನಿನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ಇದನ್ನು ವಿವರಿಸಿದ್ದರು. ಕಟ್ಟಿದ್ದು ಹಗ್ಗದಿಂದಲೋ ಹಳೆಯ ಸೀರೆಯಿಂದಲೋ, ಎಷ್ಟು ಹೊತ್ತು ಕಟ್ಟಿದ್ದರು, ಆಗ ಬೇಸಿಗೆಯೋ ಮಳೆಗಾಲವೋ, ಇವು ಜಾರಬಹುದು. ತೀವ್ರ ಭಯದಲ್ಲಿ ಮುಖ್ಯ ಘಟನೆ ಆಳವಾಗಿ ಕೂರುತ್ತದೆ, ಅಂಚಿನ ವಿವರಗಳು ಮಸುಕಾಗುತ್ತವೆ. ಆದರೆ ನಿಮ್ಮ ಪಾಲಿಗೆ ಒಬ್ಬ ಸಾಕ್ಷಿಯಿದ್ದಾರೆ, ನೀವು ಅದನ್ನು ಗಮನಿಸಿಲ್ಲ. ನಿಮ್ಮ ಕಾಕಾ. ಅವರು ಆ ಕತೆಯನ್ನು ನಿಮ್ಮಿಂದ ಕೇಳಿದವರಲ್ಲ, ತಾವಾಗಿಯೇ ಎತ್ತಿದವರು. ಕಂಬ, ಕೆಂಡ, ಮೆಣಸಿನಕಾಯಿ ಮೂರೂ ಅವರ ಬಾಯಿಂದಲೇ ಬಂದಿವೆ. ತಮಾಷೆಯ ರೂಪದಲ್ಲಿ ಬಂದಿತೆಂಬ ಒಂದೇ ಕಾರಣಕ್ಕೆ ಅದು ಸಾಕ್ಷಿಯಲ್ಲದೆ ಹೋಗುವುದಿಲ್ಲ. ನಮ್ಮ ಮನೆಗಳಲ್ಲಿ ಇಂಥ ಸಂಗತಿಗಳು ಉಳಿಯುವುದೇ ಹೀಗೆ, ಹಬ್ಬದ ಊಟದ ನಗೆಮಾತಾಗಿ. ಗಂಭೀರವಾಗಿ ಹೇಳಿದರೆ ಯಾರಾದರೊಬ್ಬರು ತಲೆ ತಗ್ಗಿಸಬೇಕಾಗುತ್ತದೆ. ನಗುತ್ತ ಹೇಳಿದರೆ ಯಾರೂ ತಗ್ಗಿಸಬೇಕಾಗಿಲ್ಲ. ನೀವು ನಕ್ಕಿದ್ದೂ ಅದಕ್ಕೇ. ಅದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.

‘ಆಗ ಎಲ್ಲರ ಮನೆಯಲ್ಲೂ ಹೀಗೇ ಇತ್ತು’ ಎನ್ನುವುದು ಬಹುಮಟ್ಟಿಗೆ ನಿಜ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ 2007ರಲ್ಲಿ ಒಂದು ವರದಿ ಪ್ರಕಟಿಸಿತು. ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆ ಅನುಭವಿಸಿದ್ದರು. ಮನೆಯೊಳಗೆ ಪೆಟ್ಟು ತಿಂದವರಲ್ಲಿ ಶೇಕಡ 89ರಷ್ಟು ಮಕ್ಕಳಿಗೆ ಹೊಡೆದವರು ತಂದೆ ತಾಯಿಯೇ. ಆದ್ದರಿಂದ ಸಾಮಾನ್ಯವಾಗಿತ್ತು ಎಂಬುದನ್ನು ಒಪ್ಪುತ್ತೇನೆ. ಸಾಮಾನ್ಯವಾದ್ದರಿಂದ ಏನೂ ಆಗಲಿಲ್ಲ ಎಂಬುದನ್ನು ಒಪ್ಪುವುದಿಲ್ಲ. ನಮ್ಮ ಭಾಗದ ಎಷ್ಟೋ ಹಳ್ಳಿಗಳಲ್ಲಿ ಊರಿಗೆ ಊರೇ ಫ್ಲೋರೈಡ್ ನೀರು ಕುಡಿದಿದೆ. ಎಲ್ಲರ ಹಲ್ಲೂ ಕಂದಾಗಿದ್ದವು ಎಂದ ಮಾತ್ರಕ್ಕೆ ಯಾರ ಹಲ್ಲಿಗೂ ಏನೂ ಆಗಿರಲಿಲ್ಲ ಎಂದು ಹೇಳಲು ಬರುವುದಿಲ್ಲವಷ್ಟೇ.

ಮತ್ತೆ, ಮೆಣಸಿನಕಾಯಿ ಹೊಗೆಯನ್ನು ಕಪಾಳಕ್ಕೆ ಕೊಟ್ಟ ಒಂದು ಏಟಿನ ಜೊತೆ ಇಡಬೇಡಿ. ವೈದ್ಯಳಾಗಿ ಇದನ್ನು ಬಿಡಿಸಿಯೇ ಹೇಳಬೇಕು. ಸುಟ್ಟ ಮೆಣಸಿನಕಾಯಿಯ ಘಾಟು ಕಣ್ಣು, ಗಂಟಲು, ಶ್ವಾಸನಾಳಗಳ ಒಳಪೊರೆಯನ್ನು ಉರಿಸುತ್ತದೆ. ಶ್ವಾಸನಾಳ ಬಿಗಿದುಕೊಳ್ಳುತ್ತದೆ. ಅಡುಗೆಮನೆಯಲ್ಲಿ ಒಗ್ಗರಣೆ ಹೊತ್ತಿದರೆ ನಾವು ಹೊರಗೆ ಓಡುತ್ತೇವೆ. ಕಟ್ಟಿಹಾಕಿದ ಮಗು ಓಡಲಾರದು. ಉಸಿರು ಸಿಗದೆ, ಓಡಲೂ ಆಗದೆ ಇರುವ ಆ ಕೆಲವು ನಿಮಿಷಗಳನ್ನು ಮಗುವಿನ ದೇಹ ಸಾವಿನ ಭಯವೆಂದೇ ಓದಿಕೊಳ್ಳುತ್ತದೆ. ದಮ್ಮಿನ ತೊಂದರೆಯಿರುವ ಮಗುವಾಗಿದ್ದರೆ ಜೀವಕ್ಕೇ ಅಪಾಯವಿತ್ತು. ಇಂದು ಯಾರಾದರೂ ಹೀಗೆ ಮಾಡಿದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಡಿ ಮೂರು ವರ್ಷದವರೆಗೆ ಶಿಕ್ಷೆಯಾಗಬಹುದು. ನೀವು ಇಲ್ಲದ್ದನ್ನು ದೊಡ್ಡದು ಮಾಡುತ್ತಿಲ್ಲ, ತಂಗಿ. ದೊಡ್ಡದಾಗಿದ್ದುದನ್ನು ಇಪ್ಪತ್ತೇಳು ವರ್ಷ ಚಿಕ್ಕದು ಮಾಡಿ ಇಟ್ಟುಕೊಂಡಿದ್ದೀರಿ.

‘ಹೊಡೆದು ಬೆಳೆಸಿದ್ದಕ್ಕೇ ನೌಕರಿ ಹಿಡಿದಳು’ ಎಂದು ಯಾರಾದರೂ ಹೇಳಿಯೇ ಇರುತ್ತಾರೆ. ನೀವು ಬರೆದಿಲ್ಲ, ಆದರೂ ಇದಕ್ಕೆ ಉತ್ತರ ಕೊಟ್ಟುಬಿಡುತ್ತೇನೆ. ಪೆಟ್ಟು ತಿಂದು ಶಾಲೆ ಬಿಟ್ಟವರು, ಮನೆ ಬಿಟ್ಟು ಮುಂಬೈ ರೈಲು ಹತ್ತಿದವರು, ಕುಡಿತಕ್ಕೆ ಬಿದ್ದವರು ಆ ಹೊಲದ ಊಟಕ್ಕೆ ಬಂದಿರಲಿಲ್ಲ. ಬಂದವರನ್ನಷ್ಟೇ ಎಣಿಸಿದರೆ ಹೊಡೆತ ಒಳ್ಳೆಯದೆಂದೇ ಕಾಣುತ್ತದೆ. ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್‌ ಕೇಲರ್ ಎಂಬ ಸಂಶೋಧಕರು ಐವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ, ಒಂದು ಲಕ್ಷ ಅರವತ್ತು ಸಾವಿರ ಮಕ್ಕಳ ಮಾಹಿತಿಯನ್ನು 2016ರಲ್ಲಿ ಪ್ರಕಟಿಸಿದರು. ಅವರು ನೋಡಿದ್ದು ಕಂಬ ಕೆಂಡಗಳನ್ನಲ್ಲ, ಬರಿಗೈಯಿಂದ ಕೊಡುವ ಪೆಟ್ಟನ್ನು ಮಾತ್ರ. ಅಷ್ಟಕ್ಕೂ ಮಕ್ಕಳ ನಡತೆ ಸುಧಾರಿಸಿದ ಸುಳಿವು ಸಿಗಲಿಲ್ಲ. ಹಟ, ಜಗಳಗಂಟತನ, ಮನಸ್ಸಿನ ತೊಂದರೆಗಳ ಜೊತೆಗೇ ಅದರ ನಂಟು ಕಂಡಿತು. ನೀವು ಒಂದು ವರ್ಷ ಶಾಲೆ ತಪ್ಪಿಸಿಕೊಂಡೂ ಮತ್ತೆ ಹೋಗಿ ಓದಿದಿರಿ. ಆ ಗೆಲುವಿನ ಲೆಕ್ಕವನ್ನು ದಯವಿಟ್ಟು ಮೆಣಸಿನಕಾಯಿಯ ಖಾತೆಗೆ ಹಾಕಬೇಡಿ.

ಇದರ ಎದುರು ಬದಿಯ ತಪ್ಪು ತಿಳಿವಳಿಕೆಯೂ ಈಗ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ: ಇಂದಿನ ನಮ್ಮ ಪ್ರತಿ ಕಷ್ಟಕ್ಕೂ ಬಾಲ್ಯವೇ ಕಾರಣ, ಬಾಲ್ಯ ಕೆಟ್ಟರೆ ಬದುಕೇ ಕೆಟ್ಟಿತು ಎಂಬುದು. ಅಮೆರಿಕದಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡು, 1998ರಲ್ಲಿ ಮೊದಲ ಫಲಿತಾಂಶ ಹೊರಬಂದ ದೊಡ್ಡ ಅಧ್ಯಯನವೊಂದಿದೆ. ಬಾಲ್ಯದ ಹಿಂಸೆ, ಮನೆಯ ಕುಡಿತ, ನಿರ್ಲಕ್ಷ್ಯಗಳು ಹೆಚ್ಚಾದಷ್ಟೂ ಮುಂದೆ ಖಿನ್ನತೆಯಿಂದ ಹಿಡಿದು ಹೃದಯದ ಕಾಯಿಲೆಯವರೆಗೆ ಅಪಾಯ ಹೆಚ್ಚುವುದನ್ನು ಅದು ತೋರಿಸಿತು. ಅದು ಸಾವಿರಾರು ಜನರ ಸರಾಸರಿ ಲೆಕ್ಕ. ಅದನ್ನು ಒಬ್ಬರ ಜಾತಕದಂತೆ ಓದಬಾರದು.

ಈಗ ನಿಮ್ಮ ಪತ್ರದಲ್ಲಿ ಒಂದಕ್ಕೊಂದು ಹೆಣೆದುಕೊಂಡಿರುವ ಮೂರು ಸಂಗತಿಗಳನ್ನು ಬಿಡಿಸಬೇಕು. ಶಾಲೆ ಬಿಡಿಸಿದ್ದು, ಹೊಡೆದದ್ದು, ಕಂಬಕ್ಕೆ ಕಟ್ಟಿದ್ದು. ಇವೆಲ್ಲವನ್ನೂ ‘ಅಪ್ಪ’ ಎಂಬ ಒಂದೇ ಗಂಟಿನಲ್ಲಿ ಕಟ್ಟಿದರೆ, ಒಂದೋ ಇಡೀ ಅಪ್ಪನನ್ನು ದ್ವೇಷಿಸಬೇಕು, ಇಲ್ಲವೇ ಎಲ್ಲವನ್ನೂ ಮನ್ನಿಸಬೇಕು. ಎರಡೂ ನಿಮ್ಮಿಂದ ಆಗುತ್ತಿಲ್ಲ. ಅದಕ್ಕೇ ಉಸಿರು ಕಟ್ಟುತ್ತಿದೆ. ನನ್ನ ಮುಂದೆ ಕುಳಿತವರಿಗೆ ನಾನು ಕೇಳುವ ಒಂದು ಪ್ರಶ್ನೆಯಿದೆ. ಪ್ರತಿಯೊಂದು ಘಟನೆಗೂ ಬೇರೆ ಬೇರೆಯಾಗಿ ಕೇಳಿಕೊಳ್ಳಿ: ಅಂದು ಅವರಿಗೆ ಬೇರೆ ದಾರಿ ಇತ್ತೇ?

ಶಾಲೆ ಬಿಡಿಸಿದ ವರ್ಷವನ್ನು ತೆಗೆದುಕೊಳ್ಳಿ. ಎಳೆಗೂಸನ್ನು ಬಿಸಿಲಿನ ಗಣಿಗೆ ಒಯ್ದರೆ ಕಲ್ಲಿನ ಧೂಳು, ಒಯ್ಯದಿದ್ದರೆ ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ತಾಯಿ ಕೂಲಿ ಬಿಟ್ಟರೆ ಜೋಳಕ್ಕೆ ಹಣವಿಲ್ಲ. ಹೆಂಗಸರು ದುಡಿಯುವ ಗಣಿಗಳಲ್ಲಿ ಕೂಸುಗಳಿಗಾಗಿ ಶಿಶುಪಾಲನಾ ಕೇಂದ್ರ ಇರಬೇಕೆಂಬ ಕೇಂದ್ರ ಸರ್ಕಾರದ ನಿಯಮ 1966ರಷ್ಟು ಹಳೆಯದು. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯಿಂದ ನನ್ನಲ್ಲಿಗೆ ಬಂದ ಗಣಿ ಕೂಲಿಯವರಲ್ಲಿ ಅಂಥ ಕೇಂದ್ರವನ್ನು ಕಂಡೆ ಎಂದವರು ಒಬ್ಬರೂ ಇಲ್ಲ. ಆ ವರ್ಷ ನಿಮ್ಮಿಂದ ಕಸಿದದ್ದು ನಿಜ, ಅದರ ನೋವೂ ನಿಜ. ಆದರೆ ಕಸಿದವರ ಪಟ್ಟಿಯಲ್ಲಿ ನಿಮ್ಮ ತಂದೆ ತಾಯಿಯ ಹೆಸರಿಗಿಂತ ಮೇಲೆ ಬರೆಯಬೇಕಾದ ಹೆಸರುಗಳಿವೆ. (ತಮ್ಮನ ಬದಲು ತಂಗಿ ಹುಟ್ಟಿ, ನಿಮ್ಮ ಜಾಗದಲ್ಲಿ ದೊಡ್ಡ ಮಗನಿದ್ದಿದ್ದರೆ ಅವನನ್ನು ಶಾಲೆ ಬಿಡಿಸುತ್ತಿದ್ದರೇ ಎಂಬ ಪ್ರಶ್ನೆ ನಿಮ್ಮಲ್ಲಿ ಎದ್ದಿರಬಹುದು. ಏಳಲೇಬೇಕಾದ ಪ್ರಶ್ನೆ ಅದು. ಬಡತನ ಎಲ್ಲರ ಹೆಗಲ ಮೇಲೂ ಒಂದೇ ತೂಕದಲ್ಲಿ ಕೂರುವುದಿಲ್ಲ.)

ಕುಡಿದು ಹೊಡೆದದ್ದಕ್ಕೆ ಕಾರಣಗಳನ್ನು ಹುಡುಕಬಹುದು. ನಿಮ್ಮ ತಂದೆಗೆ ಈಗ ಎಪ್ಪತ್ತರ ಹತ್ತಿರವೆಂದು ಊಹಿಸಿದರೆ, 1972ರ ಬರಗಾಲದಲ್ಲಿ ಅವರು ಇನ್ನೂ ಮೀಸೆ ಮೂಡದ ಹುಡುಗ. ಆ ವರ್ಷದ ಮಾತೆತ್ತಿದರೆ ನಮ್ಮ ಭಾಗದ ಮುತ್ಯಾಗಳು ಇಂದಿಗೂ ದನಿ ತಗ್ಗಿಸುತ್ತಾರೆ. ಇಡೀ ದಿನ ಕಲ್ಲು ಸೀಳಿದ ಮೈನೋವಿಗೆ ಸಾರಾಯಿಯನ್ನೇ ಔಷಧಿ ಮಾಡಿಕೊಂಡವರು ಗಣಿ ಊರುಗಳಲ್ಲಿ ಬಹಳ. ಹೊಡೆಯುವುದೇ ಸಾಕುವುದು ಎಂದು ಅವರಿಗೂ ಯಾರೋ ಮೈಮೇಲೆ ಬರೆದೇ ಕಲಿಸಿರಬೇಕು. ಇವೆಲ್ಲವೂ ಹೊಡೆತ ಎಲ್ಲಿಂದ ಬಂತು ಎಂಬುದನ್ನು ತಿಳಿಸುತ್ತವೆ. ಅದು ಸರಿಯಾಗಿತ್ತು ಎಂದು ಹೇಳುವುದಿಲ್ಲ. ಅದೇ ಗಣಿಯಲ್ಲಿ, ಅದೇ ಬಡತನದಲ್ಲಿ ಮಕ್ಕಳ ಮೇಲೆ ಕೈಯೆತ್ತದ ತಂದೆಯರೂ ಇದ್ದರು. ನಿಮ್ಮ ಊರಿನಲ್ಲೂ ಇಬ್ಬರು ಮೂವರ ಹೆಸರು ನಿಮಗೆ ನೆನಪಾಗಬಹುದು.

ಇನ್ನು ಆ ಕಂಬ. ಕೆಂಡ ಹೊತ್ತಿಸಬೇಕು, ಮೆಣಸಿನಕಾಯಿ ತರಬೇಕು, ಹಗ್ಗ ಹುಡುಕಬೇಕು. ಅಷ್ಟು ಹೊತ್ತಿನಲ್ಲಿ ಸಿಟ್ಟು ಇಳಿಯಲು ಅವಕಾಶವಿತ್ತು, ನಿಲ್ಲಿಸಲು ದಾರಿಯೂ ಇತ್ತು. ಇದನ್ನು ನಾನು ಕ್ರೌರ್ಯ ಎಂದೇ ಕರೆಯುತ್ತೇನೆ. ನೀವೂ ಹಾಗೆ ಕರೆಯಬಹುದು. ಕರೆದ ಮಾತ್ರಕ್ಕೆ, ಅದೇ ತಂದೆ ನಿಮ್ಮನ್ನು ಮತ್ತೆ ಶಾಲೆಗೆ ಸೇರಿಸಿದ್ದು ಅಳಿಸಿಹೋಗುವುದಿಲ್ಲ. ಪತ್ರದಲ್ಲಿ ನನ್ನ ಕಣ್ಣು ಹೆಚ್ಚು ಹೊತ್ತು ನಿಂತದ್ದು ಹೊಗೆಯ ಮೇಲಲ್ಲ, ‘ಆ ಹಣ ನಾನು ತೆಗೆದಿರಲಿಲ್ಲ’ ಎಂಬ ಸಾಲಿನ ಮೇಲೆ. ಇಪ್ಪತ್ತೇಳು ವರ್ಷದ ನಂತರವೂ ಯಾರಾದರೂ ನಂಬಲಿ ಎಂದು ಆ ಸಾಲು ಕಾಯುತ್ತಿದೆ. ನಾನು ನಂಬುತ್ತೇನೆ. ಕಾಕಾ ‘ಆವತ್ತಿನಿಂದ ಸುಳ್ಳು ಹೇಳಲಿಲ್ಲ’ ಎಂದಾಗ ನಿಮ್ಮನ್ನು ಎರಡನೇ ಸಲ ಕಂಬಕ್ಕೆ ಕಟ್ಟಿದಂತಾಯಿತು. ಆ ಊಟದ ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿದ್ದರೆ ಅದಕ್ಕೇ.

ಗಂಜಿಯ ಚಮಚದ ವಿಷಯಕ್ಕೆ ಬರುತ್ತೇನೆ. ಪತ್ರದಲ್ಲಿ ಎಲ್ಲಕ್ಕಿಂತ ತುರ್ತಾದದ್ದು ಇದು. ಬರೆಯಲು ಧೈರ್ಯ ಬೇಕಾದದ್ದೂ ಇದೇ. ಒಮ್ಮೆ ತಮ್ಮನ್ನು ಹಿಂಸಿಸಿದವರ ಮೈ ತೊಳೆಯುವುದು, ಬಾಯಿ ಒರೆಸುವುದು, ಹಾಸಿಗೆ ಬದಲಿಸುವುದು ಮಾಡುವ ಹೆಣ್ಣುಮಕ್ಕಳು, ಸೊಸೆಯಂದಿರು ನನ್ನಲ್ಲಿಗೆ ಬೆನ್ನುನೋವು, ತಲೆನೋವು ಎಂದು ಹೇಳಿಕೊಂಡು ಬರುತ್ತಾರೆ. ಮೂರನೆಯ ಭೇಟಿಯಲ್ಲಿ ಈ ಮಾತು ಹೊರಗೆ ಬರುತ್ತದೆ. ಬಲವಿದ್ದ ಕೈ ಈಗ ಬಿದ್ದಿದೆ, ಅಂದು ಕಟ್ಟಿಸಿಕೊಂಡ ಕೈಗೆ ಈಗ ಬಲ ಬಂದಿದೆ. ಆಗ ಮನಸ್ಸಿನ ಕೆಳಗೆ ಏನೋ ಅಲುಗಾಡದಿದ್ದರೇ ಅಚ್ಚರಿ. ಸಿಟ್ಟು ಬರುವುದು ಪಾಪವಲ್ಲ. ಆದರೆ ಆ ಸಿಟ್ಟು ಚಮಚಕ್ಕೆ ಇಳಿಯಬಾರದು. ಇದಕ್ಕೆ ನೀತಿಯ ಕಾರಣ ಒಂದಾದರೆ, ವೈದ್ಯಕೀಯ ಕಾರಣ ಇನ್ನೊಂದು. ಪಾರ್ಶ್ವವಾಯು ಆದವರಲ್ಲಿ ಹಲವರಿಗೆ ನುಂಗುವ ಸ್ನಾಯುಗಳೂ ಸೋತಿರುತ್ತವೆ. ಅವಸರದಲ್ಲಿ ತುರುಕಿದ ಗಂಜಿ ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಇಳಿಯುತ್ತದೆ. ಅದರಿಂದ ಬರುವ ನ್ಯುಮೋನಿಯಾದಿಂದ ಇಂಥ ರೋಗಿಗಳು ಸಾಯುತ್ತಾರೆ. ಊಟದ ನಡುವೆ ಕೆಮ್ಮು, ಊಟದ ಬಳಿಕ ಗೊರಗೊರ ದನಿ ಇದ್ದರೆ ಈ ವಾರವೇ ವೈದ್ಯರಿಗೆ ತೋರಿಸಿ. ಕೂರಿಸಿ, ಗದ್ದ ಸ್ವಲ್ಪ ಕೆಳಗಿರುವಂತೆ, ಅರ್ಧ ಚಮಚದಂತೆ ಕುಡಿಸುವುದನ್ನು ಅವರು ಹೇಳಿಕೊಡುತ್ತಾರೆ.

ಮತ್ತು ನಿಮಗಾಗಿ ಒಂದು ನಿಯಮ: ಕೈ ಬಿರುಸಾಯಿತು ಎಂದು ತಿಳಿದ ಕ್ಷಣವೇ ಚಮಚ ಕೆಳಗಿಟ್ಟು ಎದ್ದು ಹೋಗಿ. ಗಂಜಿ ಆರಿದರೆ ಆರಲಿ. ನಿಮ್ಮ ಯಜಮಾನರೋ ಅವ್ವನೋ ಉಳಿದದ್ದನ್ನು ಕುಡಿಸಲಿ. ಇಡೀ ಸೇವೆಯನ್ನು ನೀವೊಬ್ಬರೇ ಹೊತ್ತಿರುವುದು ಏಕೆ ಎಂದು ಮನೆಯಲ್ಲಿ ಮಾತಾಗಬೇಕು. ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ ಮಗನಿಗೂ ಮಗಳಿಗೂ ಸಮಾನ ಹೊಣೆ ಹೊರಿಸುತ್ತದೆ. ನ್ಯಾಯಮಂಡಳಿಗೆ ಹೋಗಿ ಎಂದು ನಾನು ಹೇಳುತ್ತಿಲ್ಲ. ತಮ್ಮನೊಡನೆ ಕುಳಿತು ‘ತಿಂಗಳಿಗೆ ಹತ್ತು ದಿನ ನೀನು ಬಂದು ನೋಡಿಕೋ, ಇಲ್ಲವೇ ಬೆಳಗಿನ ಹೊತ್ತಿಗೊಬ್ಬ ಸಹಾಯಕನ ಸಂಬಳ ಕೊಡು’ ಎಂದು ಹೇಳಲು ಆ ಕಾನೂನು ಬೆನ್ನಿಗಿದ್ದರೆ ಸಾಕು. ಹಳೆಯದು ನಡೆಯಿತೋ ಇಲ್ಲವೋ ಎಂಬ ವಾದವನ್ನು ಈ ಮಾತಿನ ಜೊತೆ ಬೆರೆಸಬೇಡಿ. ಬೆರೆಸಿದರೆ ಅವರಿಗೆ ಎರಡರಿಂದಲೂ ಜಾರಿಕೊಳ್ಳಲು ದಾರಿ ಸಿಗುತ್ತದೆ. ತಂದೆಯನ್ನು ನೋಡಿಕೊಳ್ಳುವ ಕೆಲಸ ನಿಮ್ಮಿಂದ ಸ್ವಲ್ಪವೂ ಆಗದ ದಿನ ಬಂದರೆ, ಅವರಿಗೆ ಹೊಟ್ಟೆತುಂಬ ಊಟ, ಔಷಧಿ, ಶುಚಿಯಾದ ಹಾಸಿಗೆ ಬೇರೆಯವರ ಕೈಯಿಂದ ಸಿಗುವಂತೆ ಮಾಡಿದರೂ ಮಗಳ ಕರ್ತವ್ಯ ಮುಗಿದಂತೆಯೇ.

ಅಪ್ಪನನ್ನು ಕೇಳಬಹುದೇ ಎಂದಿರಿ. ಬೇರೆ ಮನೆಯಾಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಬಲಭಾಗ ಬಿದ್ದಿದೆ ಎಂದರೆ ಪೆಟ್ಟಾಗಿರುವುದು ಮಿದುಳಿನ ಎಡಭಾಗಕ್ಕೆ. ಹೆಚ್ಚಿನವರಲ್ಲಿ ಮಾತಿನ ಕೇಂದ್ರಗಳು ಇರುವುದು ಅಲ್ಲಿಯೇ. ಅವರಿಗೆ ನಿಮ್ಮ ಮಾತು ಅರ್ಥವಾಗಿಯೂ ಉತ್ತರ ಹೊರಡದಿರಬಹುದು, ಹೇಳಹೊರಟದ್ದು ಒಂದಾಗಿ ಬಾಯಿಂದ ಬೇರೆಯೇ ಪದ ಬೀಳಬಹುದು, ಅರ್ಥವೇ ಅರೆಬರೆಯಾಗಿ ಆಗಬಹುದು. ಇನ್ನೊಂದು ಸಂಗತಿಯನ್ನು ಬಹಳ ಕುಟುಂಬಗಳಿಗೆ ಯಾರೂ ಹೇಳಿರುವುದಿಲ್ಲ. ಪಾರ್ಶ್ವವಾಯುವಿನ ನಂತರ ಕೆಲವರಿಗೆ ಅಳು ಮತ್ತು ನಗುವಿನ ಮೇಲಿನ ಹಿಡಿತ ತಪ್ಪುತ್ತದೆ. ಸಣ್ಣ ಮಾತಿಗೂ ಬಿಕ್ಕಿ ಬಿಕ್ಕಿ ಅಳುತ್ತಾರೆ, ಒಮ್ಮೊಮ್ಮೆ ದುಃಖದ ನಡುವೆ ನಗುತ್ತಾರೆ. ನೀವು ಎಲ್ಲ ಧೈರ್ಯ ಕೂಡಿಸಿ ‘ಅಪ್ಪಾ, ಯಾಕೆ ಕಟ್ಟಿದೆ?’ ಎಂದು ಕೇಳಿದಾಗ ಅವರು ಅತ್ತರೆ, ಅದು ಪಶ್ಚಾತ್ತಾಪವೋ ಕಾಯಿಲೆಯೋ ತಿಳಿಯುವುದಿಲ್ಲ. ನಕ್ಕರಂತೂ ಆ ನಗುವನ್ನು ನೀವು ಹೊರಲಾರಿರಿ. ಆದ್ದರಿಂದ ಅವರಿಂದ ಉತ್ತರ ಬೇಕೇಬೇಕು ಎಂಬ ನಿರೀಕ್ಷೆಯಿಂದ ಕೇಳುವುದನ್ನು ನಾನು ಈಗ ಒಪ್ಪುವುದಿಲ್ಲ.

ಉತ್ತರದ ಹಂಗಿಲ್ಲದೆ ಹೇಳುವುದು ಬೇರೆ. ‘ಅಪ್ಪಾ, ಆ ಹತ್ತು ರೂಪಾಯಿ ನಾನು ತೆಗೆದಿರಲಿಲ್ಲ’ ಎಂದು ಒಂದೇ ಸಾಲು, ಶಾಂತವಾದ ಹೊತ್ತಿನಲ್ಲಿ, ಊಟ ಮಾಡಿಸುವ ಸಮಯ ಬಿಟ್ಟು. ಅವರು ಏನು ಮಾಡಿದರೂ ಮಾಡದಿದ್ದರೂ ಆ ಸಾಲು ಹೇಳಿದ್ದಷ್ಟೇ ನಿಮ್ಮ ಪಾಲಿನ ಕೆಲಸ ಎಂದು ನಿಶ್ಚಯಿಸಿಕೊಂಡರೆ ಮಾತ್ರ ಇದಕ್ಕೆ ಇಳಿಯಿರಿ. ಹೇಳದೆಯೂ ಬಿಡಬಹುದು. ಹೇಳದೆ ಬಿಟ್ಟು ಗುಣವಾದವರು ನನ್ನಲ್ಲಿಗೆ ಬಂದವರಲ್ಲಿ ಕಡಿಮೆಯಿಲ್ಲ. ಕ್ಷಮಿಸಲೇಬೇಕು, ಇಲ್ಲದಿದ್ದರೆ ಮನಸ್ಸು ಹಗುರಾಗುವುದಿಲ್ಲ ಎಂದು ಯಾರಾದರೂ ಪ್ರವಚನ ಮಾಡಿದರೆ ಕೇಳಿಸಿಕೊಂಡು ಸುಮ್ಮನಿರಿ. ಕ್ಷಮೆ ಬರುವುದಾದರೆ ತಾನಾಗಿಯೇ ಬರುತ್ತದೆ, ಬಾರದಿದ್ದರೆ ಅದು ನಿಮ್ಮ ದೋಷವಲ್ಲ.

ನೀವು ಕೇಳದ ಒಂದು ವಿಷಯವಿದೆ. ಇಷ್ಟು ಉದ್ದದ ಪತ್ರದಲ್ಲಿ, ಆ ದಿನದ ಅವ್ವನ ಬಗ್ಗೆ ಇರುವುದು ಒಂದೇ ಸಾಲು. ಅವ್ವ ಬಾಗಿಲಲ್ಲಿ ನಿಂತಿದ್ದಳು. ಹೊಡೆದವರ ಮೇಲೆ ಸಿಟ್ಟಾಗುವುದು ಸುಲಭ. ನೋಡುತ್ತ ನಿಂತವರ ಮೇಲಿನ ಸಿಟ್ಟಿಗೆ ಮಾತು ಸಿಗಲು ವರ್ಷಗಳು ಬೇಕಾಗುತ್ತವೆ, ಏಕೆಂದರೆ ಆ ಮಗುವಿಗೆ ಆಸರೆ ಎಂದು ಉಳಿದಿದ್ದವರು ಅವರೊಬ್ಬರೇ. ಅವರೂ ಆ ಕೈಗೆ ಹೆದರಿದ್ದರೇ? ನಡುವೆ ಬಂದರೆ ಇನ್ನೂ ಹೆಚ್ಚು ಹೊಡೆಯುತ್ತಾರೆಂದು ಅನುಭವದಿಂದ ಕಲಿತಿದ್ದರೇ? ಅಂದು ಅವರಿಗೆ ನಿ‌ಮ್ಮ ಈಗಿನ ವಯಸ್ಸಿಗಿಂತ ಕಡಿಮೆ ವಯಸ್ಸಿದ್ದಿರಬೇಕು. ಉತ್ತರ ನನಗೆ ತಿಳಿಯದು, ಆದರೆ ಅವ್ವ ಮಾತನಾಡಬಲ್ಲರು. ಕೇಳಬೇಕೆಂದಿದ್ದರೆ ಅವರಿಂದ ಆರಂಭಿಸಿ. ಎದುರು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ನಮ್ಮ ತಾಯಂದಿರು ಕೈಗೆ ಕೆಲಸವಿದ್ದಾಗಲೇ ಬಾಯಿ ಬಿಡುವವರು. ಅವರು ರೊಟ್ಟಿ ಬಡಿಯುವಾಗ ನೀವು ಒಲೆಯ ಬಳಿ ಕುಳಿತು ಬೇಯಿಸುತ್ತ, ‘ಅವ್ವಾ, ಆ ಮೆಣಸಿನಕಾಯಿಯ ದಿನ ನಿನಗೆ ನೆನಪಿದೆಯೇ?’ ಎಂದಷ್ಟೇ ಕೇಳಿ. ಅಪಾಯವೂ ಇದೆ. ‘ಅದನ್ನೆಲ್ಲ ಈಗ ಯಾಕೆ ತೆಗೆಯುತ್ತೀ’ ಎಂದು ಅವರು ಮುಖ ತಿರುಗಿಸಬಹುದು. ಆಗ ನಿಮಗೆ ಹೊಸ ಗಾಯವಾಗುತ್ತದೆ. ಆ ಸಂಜೆ ಜೊತೆಗಿರಲು ಯಜಮಾನರಿಗೋ ಗೆಳತಿಗೋ ಮೊದಲೇ ಹೇಳಿಟ್ಟಿರಿ.

ಹೊಲದ ಊಟದಿಂದ ಈಚೆಗೆ ನಿದ್ದೆ ಕೆಟ್ಟಿದೆ, ಸಿಟ್ಟು ಹತೋಟಿ ತಪ್ಪುತ್ತಿದೆ ಎಂದರೆ ಇದು ಮನೆಮಾತಿನಿಂದ ಮಾತ್ರ ಹೋಗುವುದಲ್ಲ. ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಬೀದರ್, ಯಾದಗಿರಿಯಿಂದ ಓದುತ್ತಿರುವವರಿಗೆ ಅಲ್ಲಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಪರಿಚಿತರ ಕಣ್ಣಿಗೆ ಬೀಳುವ ಸಂಕೋಚವಿದ್ದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆ, ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಚಿಕಿತ್ಸೆ ಎಂದರೆ ಮಾತ್ರೆಯೇ ಆಗಬೇಕಿಲ್ಲ. ಹಳೆಯ ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳಿವೆ. ಮೊದಲ ಕೆಲವು ವಾರ ನೋವು ಕೆದಕಿದಂತಾಗಿ ಹೆಚ್ಚಾಗಬಹುದು, ಅದನ್ನು ತಿಳಿದೇ ಹೋಗಿ. ಸಂಮೋಹನ ಮಾಡಿ ಮರೆತ ಬಾಲ್ಯವನ್ನು ಹೊರತೆಗೆಯುತ್ತೇವೆ ಎನ್ನುವವರಿಂದ ದೂರವಿರಿ. ಹಾಗೆ ಹೊರಬರುವುದರಲ್ಲಿ ನಡೆದದ್ದೆಷ್ಟು, ಅಲ್ಲೇ ಹುಟ್ಟಿದ್ದೆಷ್ಟು ಎಂದು ಬೇರ್ಪಡಿಸಲು ಸಾಧ್ಯವಿಲ್ಲ. ಮನೆಯಲ್ಲೇ ಮಾಡಬಹುದಾದದ್ದು ಒಂದಿದೆ: ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ಆ ದಿನದ ಬಗ್ಗೆ ಯಾರಿಗೂ ತೋರಿಸದಂತೆ ಬರೆಯುವುದು. ಜೇಮ್ಸ್ ಪೆನ್‌ಬೇಕರ್ ಎಂಬ ಮನೋವಿಜ್ಞಾನಿ 1986ರಿಂದ ಪರೀಕ್ಷಿಸುತ್ತ ಬಂದ ಕ್ರಮವಿದು. ಎಲ್ಲರಿಗೂ ಒಗ್ಗುವುದಿಲ್ಲ. ಬರೆದ ರಾತ್ರಿ ಮನಸ್ಸು ತೀರ ಕೆಟ್ಟರೆ ನಿಲ್ಲಿಸಿಬಿಡಿ.

ನೀವೂ ಅವರಂತೆಯೇ ಆಗುತ್ತೀರಾ? ‘ಪೆಟ್ಟು ತಿಂದವರು ಪೆಟ್ಟು ಕೊಡುತ್ತಾರೆ’ ಎಂಬ ಮಾತು ಗಾದೆಯಂತೆ ಹಬ್ಬಿದೆ. 1987ರಲ್ಲಿ ಜೋನ್ ಕಾಫ್‌ಮನ್ ಮತ್ತು ಎಡ್ವರ್ಡ್ ಜಿಗ್ಲರ್ ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿ ಕೊಟ್ಟ ಅಂದಾಜು ಶೇಕಡ 30ರ ಆಸುಪಾಸು. ಉಳಿದವರು, ಅಂದರೆ ಹೆಚ್ಚಿನವರು, ತಮ್ಮ ಮಕ್ಕಳಿಗೆ ಅದನ್ನು ದಾಟಿಸಲಿಲ್ಲ. ತಮಗಾದದ್ದನ್ನು ಅಲ್ಲಗಳೆಯದೆ ನೆನೆಯಬಲ್ಲವರು ಈ ಉಳಿದವರಲ್ಲಿ ಹೆಚ್ಚು ಎಂಬುದು ನನ್ನ ಅನುಭವ. ಮಗನ ಮೇಲೆ ಎತ್ತಿದ ಕೈ ಗಾಳಿಯಲ್ಲೇ ನಿಂತಿತಲ್ಲ, ನಿಮ್ಮ ತಂದೆಯ ಕೈ ಅಂದು ನಿಲ್ಲಲಿಲ್ಲ. ಆ ವ್ಯತ್ಯಾಸ ಸಣ್ಣದಲ್ಲ. ಮುಂದೊಂದು ದಿನ ದನಿಯೇರಿಸಿಯೇ ಬಿಡುತ್ತೀರಿ, ಎಲ್ಲ ತಾಯಂದಿರೂ ಏರಿಸುತ್ತಾರೆ. ಆಗ ಹತ್ತು ನಿಮಿಷ ಬಿಟ್ಟು ಹಿಂತಿರುಗಿ ಹೋಗಿ ‘ನಾನು ಹಾಗೆ ಕೂಗಬಾರದಿತ್ತು’ ಎಂದು ಹೇಳಿ. ನಿಮ್ಮ ಬಾಲ್ಯದಲ್ಲಿ ಇಲ್ಲದೇ ಹೋದದ್ದು ಮುಖ್ಯವಾಗಿ ಅದು, ಹಿಂತಿರುಗಿ ಬಂದು ಹೇಳುವ ಒಬ್ಬರು.

ಮಗನಿಗೆ ಒಂದು ಉತ್ತರ ಬಾಕಿಯಿದೆ. ಹೊಲದಲ್ಲಿ ಇಡೀ ಪಂಕ್ತಿಯಲ್ಲಿ ಸರಿಯಾದ ಪ್ರಶ್ನೆ ಕೇಳಿದವನು ಅವನೊಬ್ಬನೇ, ಅವನಿಗೆ ಸಿಕ್ಕದ್ದು ‘ಊಟ ಮಾಡು’ ಎಂಬ ಮಾತು. ಏಳು ವರ್ಷದವನಿಗೆ ಕೆಂಡ, ಹೊಗೆಯ ವಿವರ ಬೇಡ. ರಾತ್ರಿ ಮಲಗಿಸುವಾಗ ಹೇಳಿ: ‘ಆವತ್ತು ಹೊಲದಲ್ಲಿ ನೀನು ಕೇಳಿದ್ದೆಯಲ್ಲ, ಹೌದು, ನನಗೆ ಬಹಳ ನೋವಾಗಿತ್ತು. ಎಲ್ಲರೂ ನಕ್ಕರೆಂದು ನಾನೂ ನಕ್ಕೆ. ನಿನಗೆ ಹಾಗೆ ಯಾರೂ ಮಾಡಲು ನಾನು ಬಿಡುವುದಿಲ್ಲ.’ ಅವನು ಮುತ್ಯಾನ ಮಂಚದ ಹತ್ತಿರ ಹೋಗಲು ಕೆಲವು ದಿನ ಹಿಂಜರಿಯಬಹುದು, ಒತ್ತಾಯ ಮಾಡಬೇಡಿ. ‘ಮುತ್ಯಾ ಯಾಕೆ ಹಾಗೆ ಮಾಡಿದ?’ ಎಂದು ಕೇಳಿದರೆ ನಿಮಗೆ ಗೊತ್ತಿರುವಷ್ಟನ್ನು ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಮುಂದಿನ ಎಳ್ಳ ಅಮಾವಾಸ್ಯೆಗೆ ಕಾಕಾ ಮತ್ತೆ ಆ ಕತೆ ತೆಗೆದರೆ, ನೀವು ನಗಬೇಕಾಗಿಲ್ಲ. ‘ಕಾಕಾ, ಆ ಹಣ ನಾನು ತೆಗೆದಿರಲಿಲ್ಲ’ ಎಂದು ಹೇಳಿ, ಮಗನ ತಟ್ಟೆಗೆ ಇನ್ನೊಂದು ಕಡುಬು ಬಡಿಸಿ.